ಕರಾವಳಿಯ ಪ್ರಯೋಗಾಲಯದಲ್ಲಿ ಶೀತ ಪ್ಲಾಸ್ಮಾ ಜೆಟ್: ಬಳಸಿ ನೋಡಿದವರ ವಿಮರ್ಶೆ

ಉಡುಪಿಯ ನಮ್ಮ ಸೂಕ್ಷ್ಮಜೀವಿ ಪ್ರಯೋಗಾಲಯವು ಮೇಜಿನ ಮೇಲಿಡಬಹುದಾದ ಶೀತ ಪ್ಲಾಸ್ಮಾ ಜೆಟ್ (ಅನಿಲದ ಒಂದು ಪಾಲನ್ನು ವಿದ್ಯುತ್ತಿನಿಂದ ಅಯಾನುಗಳಾಗಿ ಒಡೆದು, ಸುಡದ ಜ್ವಾಲೆಯಂತೆ ಹೊರಬಿಡುವ) ಯಂತ್ರವೊಂದನ್ನು ಕೊಂಡು, ಒಂದು ಬೇಸಿಗೆಯನ್ನೂ ಅದರ ಬೆನ್ನಿಗೇ ಬಂದ ಮಳೆಗಾಲವನ್ನೂ ಅದರ ಜೊತೆ ಕಳೆದಿದೆ. ತಯಾರಕರು ಹೊರಜಿಲ್ಲೆಯ ಒಂದು ಸಣ್ಣ ಸಂಸ್ಥೆಯವರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳಲಿರುವ ಕೊರತೆಗಳಲ್ಲಿ ಬಹುಪಾಲು ಈ ಬೆಲೆಯ, ಈ ವರ್ಗದ ಯಂತ್ರಗಳಿಗೆಲ್ಲ ಹೊಂದುವಂಥವು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಯಂತ್ರ ಗಟ್ಟಿಯಾಗಿದೆ, ಪ್ಲಾಸ್ಮಾ ಸ್ಥಿರವಾಗಿ ಬರುತ್ತದೆ, ಜೈವಿಕ ಮಾದರಿಗಳ ಮೇಲೆ ಅದರ ಪರಿಣಾಮವೂ ನಿಜವಾದದ್ದೇ. ಆದರೆ ಮಾದರಿಗೆ ಎಷ್ಟು ಪ್ಲಾಸ್ಮಾ ತಲುಪಿತು ಎಂಬುದನ್ನು ಅದರ ಗುಂಡಿಯೂ ಹೇಳುವುದಿಲ್ಲ, ಗಡಿಯಾರವೂ ಹೇಳುವುದಿಲ್ಲ. ನಮ್ಮ ಕಡಲತಡಿಯ ಹಸಿ ಗಾಳಿಯಲ್ಲಿ ಈ ಮೌನ ದುಬಾರಿಯಾಗುತ್ತದೆ.

ಯಂತ್ರದ ರಚನೆ ಸರಳ. ಒಂದು ವಿದ್ಯುತ್ ಪೆಟ್ಟಿಗೆ, ಅದರಿಂದ ಹೊರಟ ದಪ್ಪ ಕೇಬಲ್, ಕೇಬಲ್ಲಿನ ತುದಿಗೆ ಪೆನ್ನಿನಂತೆ ಹಿಡಿಯಬಹುದಾದ ತಲೆ. ತಲೆಯೊಳಗೆ ಕ್ವಾರ್ಟ್ಜ್ ನಳಿಕೆ, ನಳಿಕೆಯ ಹೊರಮೈಗೆ ತಾಮ್ರದ ಉಂಗುರ, ಒಳಗೆ ಸೂಜಿಯಂಥ ಇನ್ನೊಂದು ವಿದ್ಯುದ್ವಾರ. ನಳಿಕೆಯಲ್ಲಿ ಆರ್ಗಾನ್ ಅಥವಾ ಹೀಲಿಯಂ ಹರಿಯುತ್ತಿರುವಾಗ ಕೆಲವು ಸಾವಿರ ವೋಲ್ಟುಗಳ ಹೆಚ್ಚು ಆವರ್ತನದ ವಿದ್ಯುತ್ ಹರಿಸಿದರೆ ಅನಿಲದ ಒಂದು ಸಣ್ಣ ಪಾಲು ಅಯಾನುಗಳಾಗಿ ಒಡೆಯುತ್ತದೆ ಮತ್ತು ನಳಿಕೆಯ ಬಾಯಿಂದ ನೀಲಿ-ನೇರಳೆ ಬಣ್ಣದ, ಆರತಿಯ ಬತ್ತಿಯಷ್ಟು ಉದ್ದದ ಜ್ವಾಲೆಯೊಂದು ಹೊರಬರುತ್ತದೆ. ಅದು ಸುಡುವುದಿಲ್ಲ. ಅದರೊಳಗಿನ ಇಲೆಕ್ಟ್ರಾನುಗಳ ಸರಾಸರಿ ಶಕ್ತಿ ಒಂದೆರಡು ಇಲೆಕ್ಟ್ರಾನ್ ವೋಲ್ಟ್, ಅಂದರೆ ಹತ್ತು ಸಾವಿರ ಕೆಲ್ವಿನ್‌ಗೂ ಮೇಲಿನ ತಾಪಮಾನಕ್ಕೆ ಸಮ. ಆದರೆ ಇಲೆಕ್ಟ್ರಾನುಗಳು ಅತಿ ಹಗುರವಾದ್ದರಿಂದ ಭಾರವಾದ ಪರಮಾಣುಗಳಿಗೆ ಆ ಬಿಸಿಯನ್ನು ದಾಟಿಸಲಾರವು, ಹೀಗಾಗಿ ಅನಿಲ ಕೋಣೆಯ ಉಷ್ಣತೆಗೆ ಹತ್ತಿರವೇ ಉಳಿಯುತ್ತದೆ. ನಮ್ಮ ಯಂತ್ರದ ತುದಿಗೆ ಥರ್ಮೋಕಪಲ್ ಹಿಡಿದಾಗ, ಗುಂಡಿ ಅರ್ಧದ ಆಸುಪಾಸಿನಲ್ಲಿರುವವರೆಗೆ ಅಂಗೈಯ ಬಿಸುಪನ್ನು ದಾಟಿದ್ದಿಲ್ಲ. ಈ ಒಂದು ವಿಷಯದಲ್ಲಿ ಕರಪತ್ರ ಹೇಳಿದ್ದಕ್ಕೂ ಯಂತ್ರ ಮಾಡಿದ್ದಕ್ಕೂ ಅಂತರವಿಲ್ಲ.

ಅಂತರ ಇರುವುದು ಆ ಗುಂಡಿಯಲ್ಲೇ. ಅದರ ಮೇಲೆ 1ರಿಂದ 10ರವರೆಗೆ ಅಂಕಿಗಳಿವೆ. ಪಕ್ಕದಲ್ಲಿ ‘ತೀವ್ರತೆ’ ಎಂದಿದೆ. ಅದು ವೋಲ್ಟೇಜೋ, ವ್ಯಾಟೋ, ಸ್ಪಂದನದ ಅವಧಿಯೋ ಎಂಬುದು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ. ಫೋನಿನಲ್ಲಿ ಕೇಳಿದಾಗ ಬಂದ ಉತ್ತರ, ‘ಸರ್, ಸಾಮಾನ್ಯವಾಗಿ ಎಲ್ಲರೂ 6ರಲ್ಲಿ ಇಟ್ಟುಕೊಳ್ಳುತ್ತಾರೆ’ ಎಂದು. ಸಂಶೋಧನೆಗೆಂದು ಮಾರುವ ಉಪಕರಣಕ್ಕೆ ಈ ಉತ್ತರ ಸಾಲದು. ಯುರೋಪಿನ ಸಂಶೋಧಕರು ತಮ್ಮತಮ್ಮಲ್ಲಿ ಹೋಲಿಸಿ ನೋಡಲೆಂದೇ ಒಂದು ಪ್ರಮಾಣಿತ ಜೆಟ್ಟನ್ನು ರೂಪಿಸಿ 2016ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಕಾಸ್ಟ್ ಜೆಟ್ ಎಂದು ಕರೆಯಲಾಗುವ ಅದರಲ್ಲಿ ಒಂದು ಮಿಲಿಮೀಟರ್ ಅಗಲದ ಕಾಲುವೆ, 13.56 ಮೆಗಾಹರ್ಟ್ಜ್ ಆವರ್ತನ, ಅದಕ್ಕಿಂತ ಮುಖ್ಯವಾಗಿ ತಲೆಯೊಳಗೇ ಅಳವಡಿಸಿದ ವೋಲ್ಟೇಜ್ ಮತ್ತು ಕರೆಂಟ್ ಅಳೆಯುವ ವ್ಯವಸ್ಥೆ ಇದೆ. ನಮ್ಮ ಯಂತ್ರದ ಬೆಲೆಗೆ ಅಷ್ಟನ್ನೂ ನಿರೀಕ್ಷಿಸಬೇಕಿಲ್ಲ, ಆದರೆ ವ್ಯಾಟ್ ಎಷ್ಟೆಂದು ತೋರಿಸುವ ಒಂದು ಪರದೆಯನ್ನು ಕೇಳುವುದು ಅತಿಯಾಸೆಯಲ್ಲ.

ಯಂತ್ರ ಬಂದ ಮೇಲೆ ಮೊದಲು ಮಾಡಬೇಕಾದ ಪರೀಕ್ಷೆಗೆ ಬ್ಯಾಕ್ಟೀರಿಯಾವೇ ಬೇಡ. ಸೂಕ್ಷ್ಮಜೀವಿಗಳನ್ನು ಬೆಳೆಸಲು ಬಳಸುವ ಜೆಲ್ಲಿಯಾದ ಅಗರ್‌ಗೆ ಸ್ವಲ್ಪ ಪಿಷ್ಟವನ್ನೂ ಪೊಟ್ಯಾಸಿಯಂ ಅಯೊಡೈಡನ್ನೂ ಬೆರೆಸಿ ತಟ್ಟೆಯಲ್ಲಿ ಹೊಯ್ದು, ಗಟ್ಟಿಯಾದ ಮೇಲೆ ಅದರ ಮೇಲೆ ಜೆಟ್ ಹಿಡಿದರೆ, ಆಕ್ಸಿಡೀಕಾರಕಗಳು ತಾಗಿದ ಕಡೆಯಲ್ಲೆಲ್ಲ ಅಯೊಡಿನ್ ಬಿಡುಗಡೆಯಾಗಿ ಪಿಷ್ಟ ಕಡುನೀಲಿಗೆ ತಿರುಗುತ್ತದೆ. ನಳಿಕೆಯನ್ನು ಐದು ಮಿಲಿಮೀಟರಿನಷ್ಟು ಹತ್ತಿರ ಇಟ್ಟಾಗ ನಡುವೆ ಒಂದು ದಟ್ಟವಾದ ಚುಕ್ಕೆ ಮೂಡಿತು; ನಳಿಕೆಯನ್ನು ಮೇಲೆತ್ತಿದಂತೆ ಚುಕ್ಕೆ ತೆಳುವಾಗಿ, ಅದರ ಸುತ್ತ ಮಸುಕಾದ ಉಂಗುರವೊಂದು ಕಾಣಿಸಿಕೊಂಡಿತು. ಕಣ್ಣಿಗೆ ಕಾಣುವ ಜ್ವಾಲೆಯ ಅಗಲ ಒಂದೆರಡು ಮಿಲಿಮೀಟರ್, ನೀಲಿಯಾದ ಪ್ರದೇಶವೋ ಅದರ ಹಲವು ಪಟ್ಟು. ಕಾರಣ ಸ್ಪಷ್ಟ: ಜ್ವಾಲೆ ತಟ್ಟೆಗೆ ಬಡಿದ ಮೇಲೆ ಅನಿಲ ಮೇಲ್ಮೈಯುದ್ದಕ್ಕೂ ಹೊರಗೆ ಹರಡುತ್ತದೆ, ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಓಝೋನಿನಂಥ ಹೆಚ್ಚು ಹೊತ್ತು ಬಾಳುವ ಅಣುಗಳು ಆ ಹರಿವಿನ ಜೊತೆಗೇ ಹೋಗುತ್ತವೆ. ಹತ್ತು ನಿಮಿಷದ ಈ ಪರೀಕ್ಷೆ ಯಂತ್ರದ ಜೊತೆ ಬಂದ ನಲವತ್ತು ಪುಟದ ಕೈಪಿಡಿಗಿಂತ ಹೆಚ್ಚು ತಿಳಿಸುತ್ತದೆ. ತಯಾರಕರು ಇದನ್ನು ಒಂದು ಪುಟವಾಗಿ ಸೇರಿಸಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಬ್ಯಾಕ್ಟೀರಿಯಾದ ಮೇಲೆ ಫಲಿತಾಂಶ ನಿರೀಕ್ಷೆಯಂತೆಯೇ ಇದೆ. ಇ. ಕೋಲೈ ಹರಡಿದ ಅಗರ್ ತಟ್ಟೆಯ ಮೇಲೆ ಜೆಟ್ ಹಿಡಿದು ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿಟ್ಟರೆ ಮರುದಿನ ಬೆಳವಣಿಗೆಯಿಲ್ಲದ ದುಂಡನೆಯ ಬಯಲು ಕಾಣುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್‌ನಲ್ಲಿ ಅದೇ ಹೊತ್ತಿಗೆ ಬಯಲು ಚಿಕ್ಕದು, ಅಂಚು ಮಬ್ಬು. ಇ. ಕೋಲೈಯಂಥ ಗ್ರಾಮ್ ನೆಗೆಟಿವ್ ಜೀವಕೋಶದ ಹೊರಪೊರೆಯ ಕೊಬ್ಬನ್ನು ಪ್ಲಾಸ್ಮಾದಲ್ಲಿ ಹುಟ್ಟಿದ, ಕೂಡಲೇ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಆಮ್ಲಜನಕದ ಪರಮಾಣು ಮುಂತಾದವು ಬೇಗ ಆಕ್ಸಿಡೀಕರಿಸಿ ತೂತುಮಾಡುತ್ತವೆ. ಸ್ಟೆಫಿಲೊಕಾಕಸ್‌ನಂಥ ಗ್ರಾಮ್ ಪಾಸಿಟಿವ್ ಬಗೆಗಳಿಗೆ ಹತ್ತಾರು ನ್ಯಾನೋಮೀಟರ್ ದಪ್ಪದ ಪೆಪ್ಟಿಡೊಗ್ಲೈಕಾನ್ ಗೋಡೆಯ ಆಸರೆ ಇದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಬ್ಯಾಸಿಲಸ್ ಬೀಜಕಗಳು ಇವೆರಡಕ್ಕಿಂತಲೂ ಮೊಂಡು. ಜೈವಿಕ ಪೊರೆಯಾಗಿ ಕಟ್ಟಿಕೊಂಡ ಬ್ಯಾಕ್ಟೀರಿಯಾದ ಮೇಲುಪದರ ಸತ್ತರೂ ಅಡಿಯ ಪದರ ಉಳಿಯುವುದುಂಟು.

ಆದರೆ ಆ ದುಂಡನೆಯ ಬಯಲನ್ನೇ ಅಳತೆಯೆಂದು ಕರಪತ್ರದಲ್ಲಿ ಅಚ್ಚುಮಾಡಿರುವುದಕ್ಕೆ ನನ್ನ ತಕರಾರಿದೆ. ಬಯಲಿನ ವ್ಯಾಸ ಹರಡಿದ ಬ್ಯಾಕ್ಟೀರಿಯಾದ ಸಾಂದ್ರತೆ, ಅಗರ್‌ನ ತೇವ, ಅನಿಲದ ಹರಿವು ಇವೆಲ್ಲದರ ಮೇಲೆ ನಿಂತಿದೆ. ‘ಶೇ 99 ಕ್ರಿಮಿನಾಶ’ ಎಂಬ ದೊಡ್ಡ ಅಕ್ಷರದ ಸಾಲೂ ಅಲ್ಲಿದೆ. ಹತ್ತು ಲಕ್ಷ ಜೀವಕೋಶಗಳಿರುವ ಮಾದರಿಯಲ್ಲಿ ಶೇ 99 ಸತ್ತರೆ ಹತ್ತು ಸಾವಿರ ಬದುಕಿರುತ್ತವೆ. ಸೂಕ್ಷ್ಮಜೀವಿಶಾಸ್ತ್ರದ ಲೆಕ್ಕದಲ್ಲಿ ಅದು ಎರಡು ಲಾಗ್ ಇಳಿಕೆ (ಒಂದು ಲಾಗ್ ಎಂದರೆ ಹತ್ತು ಪಟ್ಟು ಇಳಿಕೆ) ಮಾತ್ರ, ಸೋಂಕುನಿವಾರಣೆಯ ಸಾಮಾನ್ಯ ಅಳತೆಗೋಲಿನಿಂದ ಬಹಳ ಕೆಳಗೆ. ಕೊಳ್ಳುವವರು ಲಾಗ್ ಇಳಿಕೆಯ ಅಂಕಿಯನ್ನೂ, ಯಾವ ತಳಿ, ಯಾವ ದ್ರವ, ಎಷ್ಟು ದೂರ ಎಂಬುದನ್ನೂ ಲಿಖಿತವಾಗಿ ಕೇಳಬೇಕು.

ಇನ್ನು ನಮ್ಮ ಊರಿನ ವಿಷಯ. ಬೇಸಿಗೆಯಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಒಂದು ಬಗೆಯಲ್ಲಿ ನಡೆದ ಯಂತ್ರ ಆಟಿ ತಿಂಗಳ ಮಳೆ ಶುರುವಾಗುತ್ತಿದ್ದಂತೆ ಬೇರೆಯೇ ಯಂತ್ರದಂತೆ ವರ್ತಿಸಿತು. ಗುಂಡಿ ಅದೇ 6, ಅನಿಲದ ಹರಿವು ಅಷ್ಟೇ, ದೂರ ಅಷ್ಟೇ, ಕಾಲವೂ ಅಷ್ಟೇ. ಆದರೆ ನೀರಿನ ಮಾದರಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕಣ್ಣಿಗೆ ಕಾಣುವಷ್ಟು ಏರಿತು. ಟೈಟಾನಿಯಂ ಆಕ್ಸಿಸಲ್ಫೇಟ್ ಹಾಕಿದರೆ ಪೆರಾಕ್ಸೈಡ್ ಇರುವ ನೀರು ಹಳದಿಯಾಗುತ್ತದೆ, ಆ ಬಣ್ಣವನ್ನು 407 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅಳೆಯುತ್ತಾರೆ. ಏಪ್ರಿಲ್‌ನ ಟ್ಯೂಬುಗಳನ್ನೂ ಜುಲೈನ ಟ್ಯೂಬುಗಳನ್ನೂ ಹೋಲಿಸಲು ಸ್ಪೆಕ್ಟ್ರೋಫೋಟೋಮೀಟರ್ ಬೇಕಾಗಿರಲಿಲ್ಲ, ಹಳದಿಯ ಗಾಢತೆಯೇ ಹೇಳುತ್ತಿತ್ತು.

ಕಾರಣ ಅನಿಲದ ಕೊಳವೆಯಲ್ಲಿತ್ತು. ಐದು-ಒಂಬತ್ತು ದರ್ಜೆಯ, ಅಂದರೆ ಶೇ 99.999 ಶುದ್ಧತೆಯ ಆರ್ಗಾನ್ ಸಿಲಿಂಡರಿನಲ್ಲಿ ನೀರಿನ ಪ್ರಮಾಣ ಹತ್ತು ಲಕ್ಷಕ್ಕೆ ಕೆಲವೇ ಪಾಲು. ಮಳೆಗಾಲದ ಉಡುಪಿಯ 27 ಡಿಗ್ರಿಯ, ಶೇ 85 ಆರ್ದ್ರತೆಯ ಗಾಳಿಯಲ್ಲಿ ನೀರಿನ ಆವಿ ಶೇ 3ರಷ್ಟು, ಅಂದರೆ ಹತ್ತು ಲಕ್ಷಕ್ಕೆ ಮೂವತ್ತು ಸಾವಿರ ಪಾಲು. ಈ ಎರಡರ ನಡುವೆ ಇರುವುದು ಕೊಳವೆಯ ಗೋಡೆಯೊಂದೇ. ಯಂತ್ರದ ಜೊತೆ ಕೊಟ್ಟದ್ದು ಮೆದುವಾದ, ಹಾಲುಬಣ್ಣದ ಸಿಲಿಕೋನ್ ಕೊಳವೆ. ಸಿಲಿಕೋನ್ ನೀರಿನ ಆವಿಯನ್ನು ಸಲೀಸಾಗಿ ಒಳಬಿಡುವ ವಸ್ತು. ಒಳಹೊಕ್ಕ ನೀರು ಪ್ಲಾಸ್ಮಾದಲ್ಲಿ ಒಡೆದು ಹೈಡ್ರಾಕ್ಸಿಲ್ ಆಗುತ್ತದೆ, ಎರಡು ಹೈಡ್ರಾಕ್ಸಿಲ್ ಕೂಡಿದರೆ ಪೆರಾಕ್ಸೈಡ್. ಅನಿಲದ ತೇವ ಏರಿದಂತೆ ಪೆರಾಕ್ಸೈಡ್ ಏರುತ್ತದೆಂಬುದನ್ನು ಜರ್ಮನಿಯ ಸಂಶೋಧಕರು ದಶಕದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಕೊಳವೆಯ ವಸ್ತು ಯಾವುದು ಎಂಬುದು ಕೂಡ ಜೀವಕೋಶಗಳ ಅಳಿವು-ಉಳಿವನ್ನು ಬದಲಿಸುತ್ತದೆಂಬುದನ್ನೂ ಕಂಡುಕೊಂಡಿದ್ದಾರೆ. ಒಣಹವೆಯ ಊರಿನಲ್ಲಿ ಕುಳಿತು ಯಂತ್ರ ಕಟ್ಟಿದವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ, ಆದರೆ ಮಂಗಳೂರು-ಉಡುಪಿಗೆ ಮಾರುವಾಗ ಹೊಳೆಯಲೇಬೇಕಿತ್ತು. ಸಿಲಿಕೋನ್ ಕೊಳವೆಯನ್ನು ತೆಗೆದು ಟೆಫ್ಲಾನ್ ಎಂದೂ ಕರೆಯುವ ಪಿಟಿಎಫ್‌ಇ ಕೊಳವೆ ಹಾಕಿ, ಅದನ್ನು ಆದಷ್ಟು ಗಿಡ್ಡಗೊಳಿಸಿ, ಕೆಲಸಕ್ಕೆ ಮೊದಲು ಬಹಳ ಹೊತ್ತು ಒಣ ಆರ್ಗಾನ್ ಹರಿಸಿದ ಮೇಲೆ ಮಳೆಗಾಲದ ಅಂಕಿಗಳು ಬೇಸಿಗೆಯ ಅಂಕಿಗಳ ಹತ್ತಿರಕ್ಕೆ ಬಂದವು. ಪೂರ್ತಿ ಒಂದಾಗಲಿಲ್ಲ, ಏಕೆಂದರೆ ಜ್ವಾಲೆ ನಳಿಕೆಯಿಂದ ಹೊರಬಂದ ಮೇಲೂ ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಜ್ವಾಲೆಯ ಸುತ್ತ ಒಣ ಅನಿಲದ ಇನ್ನೊಂದು ಪರದೆ ಹರಿಸುವ ಜೆಟ್ಟುಗಳಿವೆ; ನಮ್ಮದರಲ್ಲಿ ಆ ವ್ಯವಸ್ಥೆ ಇಲ್ಲ, ಸೇರಿಸಲು ಜಾಗವೂ ಇಲ್ಲ. ಡಿಹ್ಯುಮಿಡಿಫೈಯರ್ ಹಾಕಿ ಕೋಣೆಯ ಆರ್ದ್ರತೆಯನ್ನು ಒಂದು ಮಟ್ಟದಲ್ಲಿ ಹಿಡಿದಿಡುವುದು, ಪ್ರತಿ ಪ್ರಯೋಗದ ಪುಟದಲ್ಲಿ ಆ ದಿನದ ಆರ್ದ್ರತೆಯನ್ನು ಬರೆದಿಡುವುದು, ಇವಿಷ್ಟೇ ಉಳಿದ ದಾರಿ.

ಅನಿಲದ ದರ್ಜೆಯ ಬಗ್ಗೆಯೂ ಒಂದು ಮಾತು. ಮಂಗಳೂರಿನ ಬೈಕಂಪಾಡಿಯ ಕಡೆ ವೆಲ್ಡಿಂಗ್ ಕೆಲಸಕ್ಕೆ ಸಿಗುವ ಆರ್ಗಾನ್ ಅಗ್ಗ, ಬೇಕೆಂದಾಗ ಸಿಗುತ್ತದೆ, ಜೆಟ್ಟೂ ಅದರಲ್ಲಿ ಉರಿಯುತ್ತದೆ. ಆದರೆ ಅದರಲ್ಲಿ ಆಮ್ಲಜನಕ, ಸಾರಜನಕ ಮತ್ತು ತೇವದ ಪಾಲು ಸಿಲಿಂಡರಿನಿಂದ ಸಿಲಿಂಡರಿಗೆ ಬದಲಾಗಬಹುದು, ಅದರ ಜೊತೆಗೆ ಮಾದರಿಗೆ ತಲುಪುವ ರಸಾಯನವೂ ಬದಲಾಗುತ್ತದೆ. ವಿದ್ಯಾರ್ಥಿಗಳಿಗೆ ತೋರಿಸಿಕೊಡಲು ಸಾಕು, ಪ್ರಬಂಧಕ್ಕೆ ಬೇಡ. ಏಳು ಘನ ಮೀಟರಿನ ದೊಡ್ಡ ಸಿಲಿಂಡರ್ ನಿಮಿಷಕ್ಕೆ ಐದು ಲೀಟರಿನಂತೆ ಸುಮಾರು 23 ಗಂಟೆ ಬರುತ್ತದೆ. ಕೊಳವೆ ಒಣಗಿಸಲು ಹರಿಸುವ ಅನಿಲವನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಹೀಲಿಯಂನಲ್ಲಿ ಜ್ವಾಲೆ ಇನ್ನಷ್ಟು ಉದ್ದವಾಗಿ, ನಯವಾಗಿ ಬರುತ್ತದೆ, ಆದರೆ ಅದರ ಬೆಲೆಗೆ ಸಣ್ಣ ಕಾಲೇಜಿನ ಅನುದಾನ ತಾಳಲಾರದು.

ಹರಿವನ್ನು ಅಳೆಯಲು ಕೊಟ್ಟಿರುವುದು ಗಾಜಿನ ಕೊಳವೆಯೊಳಗೆ ಚೆಂಡು ತೇಲುವ ರೋಟಾಮೀಟರ್. ಅದೂ ಗಾಳಿಗೆಂದು ಗುರುತು ಮಾಡಿದ್ದು, ಆರ್ಗಾನ್‌ಗೆ ಅಲ್ಲ. ಗಾಳಿಗಿಂತ ಭಾರವಾದ ಆರ್ಗಾನ್‌ಗೆ ಅದರ ಅಂಕಿ ಹೊಂದುವುದಿಲ್ಲ. ಹರಿವಿನ ವೇಗ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿದರೆ ಅಚ್ಚರಿಯಾಗುತ್ತದೆ. 1.6 ಮಿಲಿಮೀಟರ್ ಒಳವ್ಯಾಸದ ನಳಿಕೆಯಲ್ಲಿ ನಿಮಿಷಕ್ಕೆ ಐದು ಲೀಟರ್ ಹರಿದರೆ ಬಾಯಲ್ಲಿ ಅನಿಲದ ವೇಗ ಸೆಕೆಂಡಿಗೆ ಸುಮಾರು 41 ಮೀಟರ್, ಅಂದರೆ ಗಂಟೆಗೆ 150 ಕಿಲೋಮೀಟರಿನಷ್ಟು. 96 ಗುಳಿಗಳ ತಟ್ಟೆಯ ಒಂದು ಗುಳಿಯಲ್ಲಿರುವ ನೂರು ಮೈಕ್ರೋಲೀಟರ್ ದ್ರವದ ಮೇಲೆ ಇದು ಬಡಿದಾಗ ನಡುವೆ ತಳ ಕಾಣುವಷ್ಟು ಕುಳಿ ಬೀಳುತ್ತದೆ, ದ್ರವ ಅಂಚಿಗೆ ಏರುತ್ತದೆ, ಪಕ್ಕದ ಗುಳಿಗೆ ಸಿಡಿಯುವುದೂ ಉಂಟು. ಅಡಿಗೆ ಅಂಟಿಕೊಂಡ ಜೀವಕೋಶಗಳು ಒಣಗುತ್ತವೆ, ಉಳಿದ ದ್ರವದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಆಮೇಲೆ ಸತ್ತ ಜೀವಕೋಶಗಳನ್ನು ಎಣಿಸಿ ಅದನ್ನೆಲ್ಲ ಪ್ಲಾಸ್ಮಾದ ಲೆಕ್ಕಕ್ಕೆ ಬರೆದರೆ ಅದು ಪ್ಲಾಸ್ಮಾದ ಮೇಲೆ ಹೊರಿಸಿದ ಗಾಳಿಯ ತಪ್ಪು. ವಿದ್ಯುತ್ ಹಾಕದೆ ಬರೀ ಅನಿಲ ಹರಿಸಿದ ಒಂದು ಸಾಲು ಗುಳಿಗಳು ಪ್ರತಿ ತಟ್ಟೆಯಲ್ಲೂ ಇರಲೇಬೇಕು, ಕಳೆದುಹೋದ ದ್ರವವನ್ನು ತೂಕ ಹಾಕಿ ಶುದ್ಧನೀರಿನಿಂದ ತುಂಬಲೇಬೇಕು. ನಮಗೆ ಅಂತಿಮವಾಗಿ ಒಗ್ಗಿದ್ದು 24 ಗುಳಿಗಳ ತಟ್ಟೆ.

ದ್ರವದ ವಿಷಯಕ್ಕೆ ಬಂದರೆ, ಒಂದೇ ಜ್ವಾಲೆ ಬೇರೆ ಬೇರೆ ದ್ರವಗಳಲ್ಲಿ ಬೇರೆ ಬೇರೆ ಔಷಧವಾಗುತ್ತದೆ. ಬರೀ ಶುದ್ಧನೀರಿಗೆ ಜೆಟ್ ಹಿಡಿದರೆ ನೈಟ್ರಸ್ ಮತ್ತು ನೈಟ್ರಿಕ್ ಆಮ್ಲಗಳು ಹುಟ್ಟಿ ಪಿಎಚ್ ಇಳಿಯುತ್ತದೆ. ಆಮ್ಲೀಯ ನೀರಿನಲ್ಲಿ ನೈಟ್ರೈಟ್ ಮತ್ತು ಪೆರಾಕ್ಸೈಡ್ ಕೂಡಿ ಪೆರಾಕ್ಸಿನೈಟ್ರಸ್ ಆಮ್ಲವಾಗುತ್ತದೆ, ಅದು ಬ್ಯಾಕ್ಟೀರಿಯಾಕ್ಕೆ ಮಾರಕ. ಪಿಎಚ್ 4.7ರ ಆಸುಪಾಸಿನ ಗಡಿಗಿಂತ ಕೆಳಗಿಳಿದಾಗ ಕ್ರಿಮಿನಾಶಕ ಶಕ್ತಿ ಒಮ್ಮೆಲೇ ಏರುವುದನ್ನು ಜಪಾನಿನ ಸಂಶೋಧಕರು 2010ರಲ್ಲೇ ವರದಿ ಮಾಡಿದ್ದಾರೆ. ಅದೇ ಜೀವಕೋಶಗಳನ್ನು ಫಾಸ್ಫೇಟ್ ಬಫರಿನಲ್ಲಿ ತೇಲಿಬಿಟ್ಟರೆ ಪಿಎಚ್ ಜಗ್ಗುವುದಿಲ್ಲ, ಸಾವೂ ಕಡಿಮೆ. ಇದನ್ನು ನಾವು ಎರಡು ಟ್ಯೂಬುಗಳನ್ನು ಪಕ್ಕಪಕ್ಕ ಇಟ್ಟು ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ, ನೀರಿನಲ್ಲಿದ್ದ ಇ. ಕೋಲೈ ತಟ್ಟೆಯಲ್ಲಿ ಹೆಚ್ಚುಕಡಿಮೆ ಬರಿದು, ಬಫರಿನಲ್ಲಿದ್ದದ್ದು ದಟ್ಟ. ಉಪ್ಪಿರುವ ದ್ರವಕ್ಕೆ ಆಮ್ಲಜನಕ ಬೆರೆಸಿದ ಹೀಲಿಯಂ ಜೆಟ್ ಹಿಡಿದರೆ ಆಮ್ಲಜನಕದ ಪರಮಾಣು ಕ್ಲೋರೈಡಿನೊಂದಿಗೆ ಸೇರಿ ಹೈಪೊಕ್ಲೋರೈಟ್, ಅಂದರೆ ಬ್ಲೀಚಿಂಗ್ ದ್ರಾವಣದಲ್ಲಿರುವ ಅದೇ ವಸ್ತು, ಹುಟ್ಟುವುದೂ ಇದೆ.

ಪ್ರಾಣಿಕೋಶಗಳನ್ನು ಬೆಳೆಸುವ ಮಾಧ್ಯಮದಲ್ಲಿ ಗೋಜಲು ಇನ್ನೂ ಹೆಚ್ಚು. ಡಿಎಂಇಎಂ ಎಂಬ ಮಾಧ್ಯಮದ ಕೆಲವು ಬಗೆಗಳಲ್ಲಿ ಒಂದು ಮಿಲಿಮೋಲಾರ್ ಪೈರುವೇಟ್ ಇರುತ್ತದೆ, ಅದು ಪೆರಾಕ್ಸೈಡನ್ನು ನುಂಗಿಹಾಕುತ್ತದೆ. ಸಾಮಾನ್ಯ ಆರ್‌ಪಿಎಂಐ ಎಂಬ ಇನ್ನೊಂದು ಮಾಧ್ಯಮದಲ್ಲಿ ಪೈರುವೇಟ್ ಇಲ್ಲ. ಹೀಗಾಗಿ ಒಂದೇ ಕ್ಯಾನ್ಸರ್ ಕೋಶ ಒಂದು ಮಾಧ್ಯಮದಲ್ಲಿ ಸತ್ತು ಇನ್ನೊಂದರಲ್ಲಿ ಏನೂ ಆಗದಂತೆ ಕುಳಿತಿದ್ದರೆ ಅದು ಕೋಶದ ಗುಣವಲ್ಲದೆ ಬಾಟಲಿಯ ಗುಣವೂ ಆಗಿರಬಹುದು. ಸೀರಮ್ ಕೂಡ ಆಕ್ಸಿಡೀಕಾರಕಗಳನ್ನು ಹೀರಿಕೊಳ್ಳುತ್ತದೆ. ಹೈಡ್ರಾಕ್ಸಿಲ್‌ನಂಥ ಚುರುಕಿನ ರ‍್ಯಾಡಿಕಲ್ಲುಗಳು ದ್ರವದಲ್ಲಿ ಮೈಕ್ರೋಸೆಕೆಂಡಿನೊಳಗೇ ಮುಗಿದುಹೋಗುವುದರಿಂದ, ಕೆಲವು ಮಿಲಿಮೀಟರ್ ದ್ರವದ ಅಡಿಯಲ್ಲಿರುವ ಕೋಶಗಳಿಗೆ ತಲುಪುವುದು ಮುಖ್ಯವಾಗಿ ಪೆರಾಕ್ಸೈಡ್, ನೈಟ್ರೈಟ್, ನೈಟ್ರೇಟ್ ಮುಂತಾದ ದೀರ್ಘಾಯುಷಿಗಳು. ಆದ್ದರಿಂದ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದ ಒಂದು ಗುಂಪನ್ನೂ, ಜೆಟ್ಟಿನ ಬದಲು ಅಷ್ಟೇ ಪೆರಾಕ್ಸೈಡನ್ನು ಬಾಟಲಿಯಿಂದ ಹಾಕಿದ ಇನ್ನೊಂದು ಗುಂಪನ್ನೂ ಇಟ್ಟುಕೊಳ್ಳದ ಪ್ರಯೋಗವನ್ನು ನಾನು ಒಪ್ಪುವುದಿಲ್ಲ. ಕ್ಯಾಟಲೇಸ್ ಹಾಕಿದಾಗ ಪರಿಣಾಮ ಪೂರ್ತಿ ಮಾಯವಾದರೆ, ಲಕ್ಷಾಂತರ ರೂಪಾಯಿಯ ಯಂತ್ರ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಾಟಲಿಯ ಕೆಲಸವನ್ನೇ ಮಾಡಿದೆ ಎಂದಾಯಿತು. ಯಾವಾಗಲೂ ಹೀಗೇ ಆಗುತ್ತದೆಂದಲ್ಲ. ಆಗಿದೆಯೋ ಇಲ್ಲವೋ ನೋಡದೆ ಬರೆಯಬಾರದು, ಅಷ್ಟೆ. ಕಡಿಮೆ ಪ್ರಮಾಣದಲ್ಲಿ ಕೋಶಗಳ ಬೆಳವಣಿಗೆಯನ್ನು ಚುರುಕುಗೊಳಿಸುವ, ಹೆಚ್ಚಿನ ಪ್ರಮಾಣದಲ್ಲಿ ಅವನ್ನು ಸಾವಿಗೆ ತಳ್ಳುವ ಈ ಉಪಕರಣದಲ್ಲಿ ಪ್ರಮಾಣವೇ ಪ್ರಶ್ನೆ.

ತಟ್ಟೆಯ ಅಡಿಗೆ ಏನಿದೆ ಎಂಬುದೂ ಪ್ರಮಾಣವನ್ನು ಬದಲಿಸುತ್ತದೆ. ನಮ್ಮ ಜೆಟ್ಟಿನ ಜ್ವಾಲೆ ಮಾದರಿಯನ್ನು ಮುಟ್ಟಿದ ಕೂಡಲೇ ಮಾದರಿಯೇ ವಿದ್ಯುತ್ ಮಂಡಲದ ಒಂದು ಭಾಗವಾಗುತ್ತದೆ. ಕಡಪ ಕಲ್ಲಿನ ಮೇಜಿನ ಮೇಲೆ ತಟ್ಟೆಯಿಟ್ಟಾಗ ಸಾಧಾರಣವಾಗಿದ್ದ ಜ್ವಾಲೆ, ಅದೇ ತಟ್ಟೆಯನ್ನು ಅರ್ಥಿಂಗ್ ಇರುವ ಸ್ಟೀಲ್ ಹಾಳೆಯ ಮೇಲಿಟ್ಟಾಗ ಬಿಳಿಚಾಗಿ ಮಿಂಚಿತು, ಅಗರ್ ಮೇಲೆ ಸುಟ್ಟ ಚುಕ್ಕೆಯೊಂದನ್ನೂ ಉಳಿಸಿತು. ಕೈಪಿಡಿಯ ಚಿತ್ರಗಳಲ್ಲಿ ಒಂದು ಕಡೆ ಮರದ ಮೇಜು, ಇನ್ನೊಂದು ಕಡೆ ಲ್ಯಾಮಿನಾರ್ ಹುಡ್‌ನ ಸ್ಟೀಲ್ ನೆಲ ಕಾಣುತ್ತದೆ. ಎರಡಕ್ಕೂ ಒಂದೇ ನಿಮಿಷಗಳ ಪಟ್ಟಿ ಕೊಟ್ಟಿದ್ದಾರೆ.

ಬೀಜದ ಮೇಲಿನ ಪ್ರಯೋಗಕ್ಕೆ ನಾವು ಆರಿಸಿಕೊಂಡದ್ದು ಮಟ್ಟುಗುಳ್ಳ ಬದನೆ. ಪ್ಲಾಸ್ಮಾ ತಾಗಿದ ಬೀಜದ ಸಿಪ್ಪೆಗೆ ನೀರು ಹೆಚ್ಚು ಅಂಟುತ್ತದೆಂಬುದು ನಿಜ. ಬೀಜದ ಮೇಲೆ ಇಟ್ಟ ಹನಿ ಮೊದಲಿನಂತೆ ಗುಂಡಗೆ ನಿಲ್ಲದೆ ಹರಡಿಕೊಳ್ಳುವುದನ್ನು ಭೂತಗನ್ನಡಿಯಲ್ಲೇ ನೋಡಬಹುದು. ಮೊಳಕೆ ಮೊದಲ ಕೆಲವು ದಿನ ಮುಂದಿತ್ತು, ಕೊನೆಯ ಎಣಿಕೆಯಲ್ಲಿ ಜೆಟ್ ಕಾಣದ ಬೀಜಗಳೂ ಸರಿಸಮಕ್ಕೆ ಬಂದವು. ಅದಿರಲಿ, ಒಂದೊಂದೇ ಬೀಜದ ಮೇಲೆ ಜೆಟ್ ಹಿಡಿದು ಕೂರುವುದು ರೈತರಿಗೆ ಉಪಯೋಗವಾಗುವ ಕೆಲಸವಲ್ಲ. ಬೀಜಕ್ಕೆ ಎರಡು ಫಲಕಗಳ ನಡುವೆ ಪ್ಲಾಸ್ಮಾ ಹುಟ್ಟಿಸುವ ಡೈಎಲೆಕ್ಟ್ರಿಕ್ ಬ್ಯಾರಿಯರ್ ಬಗೆಯ ಯಂತ್ರವೇ ಸರಿ. ಕರಪತ್ರದಲ್ಲಿ ‘ಮೀನು, ಮಾಂಸದ ತಾಜಾತನಕ್ಕೆ’ ಎಂದೂ ಇದೆ. ಮಲ್ಪೆಯ ದಕ್ಕೆಯ ಹತ್ತಿರ ಇರುವವರಿಗೆ ಆಸೆ ಹುಟ್ಟಿಸುವ ಮಾತು. ಆದರೆ ಬಂಗುಡೆಯಂಥ ಎಣ್ಣೆ ಮೀನಿನ ಕೊಬ್ಬು ಆಕ್ಸಿಡೀಕರಣಕ್ಕೆ ಬೇಗ ಬಲಿಯಾಗುತ್ತದೆ. ಯುರೋಪಿನಲ್ಲಿ ಅಲ್ಲಿನ ಬಂಗುಡೆ ಜಾತಿಯ ಹೋಳುಗಳಿಗೆ ಪ್ಲಾಸ್ಮಾ ಕೊಟ್ಟು ನೋಡಿದವರಿಗೆ ಬ್ಯಾಕ್ಟೀರಿಯಾ ಇಳಿದದ್ದರ ಜೊತೆಗೆ ಕೊಬ್ಬು ಕಮಟುವುದು ಹೆಚ್ಚಾದದ್ದೂ ಕಂಡಿದೆ. ಮೀನಿಗೆ ಐಸೇ ಲೇಸು.

ಗಾಯಕ್ಕೆ ಹಿಡಿಯುವ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಮಾರಾಟದವರು ಬಾಯಿಮಾತಿನಲ್ಲಿ ಅದನ್ನೂ ಸೇರಿಸಿದರು. ಪ್ಲಾಸ್ಮಾ ಚಿಕಿತ್ಸೆ ಕಟ್ಟುಕಥೆಯಲ್ಲ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ರೂಪುಗೊಂಡ ಕಿನ್‌ಪೆನ್ ಮೆಡ್ ಎಂಬ ಆರ್ಗಾನ್ ಜೆಟ್ 2013ರಲ್ಲಿ ಯುರೋಪಿನ ವೈದ್ಯಕೀಯ ಉಪಕರಣದ ಮುದ್ರೆ ಪಡೆಯಿತು. ಅದಕ್ಕೂ ಮೊದಲು, 2010ರಲ್ಲಿ ಪ್ರಕಟವಾದ 36 ರೋಗಿಗಳ ಪ್ರಯೋಗದಲ್ಲಿ ಮಾಸದ ಗಾಯಗಳಿಗೆ ದಿನಕ್ಕೆ ಐದು ನಿಮಿಷ ಆರ್ಗಾನ್ ಪ್ಲಾಸ್ಮಾ ಕೊಟ್ಟಾಗ ಬ್ಯಾಕ್ಟೀರಿಯಾ ಶೇ 34ರಷ್ಟು ಹೆಚ್ಚು ಇಳಿದಿತ್ತು. 2020ರ ಮಧುಮೇಹದ ಪಾದದ ಹುಣ್ಣಿನ ಪ್ರಯೋಗದಲ್ಲಿ 43 ರೋಗಿಗಳ 62 ಹುಣ್ಣುಗಳನ್ನು ನೋಡಲಾಯಿತು; ಹುಣ್ಣು ಬೇಗ ಕುಗ್ಗಿತು, ಆದರೆ ಸೋಂಕು ಮತ್ತು ಸೂಕ್ಷ್ಮಜೀವಿಗಳ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅಲ್ಲಿ ಕೆಲಸ ಮಾಡಿದ್ದು ಬರೀ ಕ್ರಿಮಿನಾಶ ಅಲ್ಲ, ಅಂಗಾಂಶದೊಳಗಿನ ಇನ್ನೇನೋ ಪ್ರಚೋದನೆ ಎಂದು ನನಗೆ ತೋರುತ್ತದೆ. ಇಂಥ ಉಪಕರಣಗಳು ಉಷ್ಣತೆ, ಅತಿನೇರಳೆ ಕಿರಣ, ಸೋರುವ ವಿದ್ಯುತ್, ಹೊರಬರುವ ಅನಿಲ ಇವನ್ನೆಲ್ಲ ಅಳೆದು ತೋರಿಸಬೇಕೆಂದು ಜರ್ಮನಿಯಲ್ಲಿ 2014ರಲ್ಲಿ ಡಿಐಎನ್ ಸ್ಪೆಕ್ 91315 ಎಂಬ ಮಾನದಂಡ ಬಂತು. ನಮ್ಮ ಯಂತ್ರದೊಂದಿಗೆ ಅಂಥ ಒಂದು ಹಾಳೆಯೂ ಬರಲಿಲ್ಲ. ಭಾರತದ 2017ರ ವೈದ್ಯಕೀಯ ಉಪಕರಣ ನಿಯಮಗಳಡಿ ಪರವಾನಗಿ ಇಲ್ಲದ ಪ್ರಯೋಗಾಲಯದ ಜೆಟ್ಟನ್ನು ಯಾರ ಚರ್ಮದ ಮೇಲೂ ಹಿಡಿಯಬಾರದು, ಸಿಬ್ಬಂದಿಯ ಕೈಮೇಲೆ ತಮಾಷೆಗೂ ಹಿಡಿಯಬಾರದು.

ಸುರಕ್ಷತೆಯ ವಿಷಯದಲ್ಲಿ ಎರಡು ಸಂಗತಿ. ಓಝೋನಿನ ವಾಸನೆ ಮೂಗಿಗೆ ಬಹಳ ಬೇಗ ತಾಗುತ್ತದೆ. ಕೆಲಸದ ಜಾಗದಲ್ಲಿ ಅದರ ಮಿತಿ 0.1 ಪಿಪಿಎಂ, ಆದ್ದರಿಂದ ಮಳೆಯೆಂದು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಇದನ್ನು ನಡೆಸಕೂಡದು, ಫ್ಯೂಮ್ ಹುಡ್ ಬೇಕೇ ಬೇಕು. ಎರಡನೆಯದು ವಿದ್ಯುತ್ ಗದ್ದಲ: ಜೆಟ್ ಉರಿಯುತ್ತಿರುವಾಗ ಅದೇ ಮೇಜಿನ ಇಲೆಕ್ಟ್ರಾನಿಕ್ ತಕ್ಕಡಿಯ ಕೊನೆಯ ಅಂಕಿಗಳು ಕುಣಿಯುತ್ತವೆ, ಪಿಎಚ್ ಮೀಟರ್ ಅರ್ಥವಿಲ್ಲದ ಸಂಖ್ಯೆ ತೋರಿಸುತ್ತದೆ.

ನಿರ್ವಹಣೆಯಲ್ಲಿ ಕಡಲ ಗಾಳಿಯೇ ಮುಖ್ಯ ಶತ್ರು. ಮಳೆಗಾಲದ ನಡುವಿಗೆ ತಾಮ್ರದ ಉಂಗುರದ ಅಂಚಿಗೆ ಹಸಿರು ಕಿಲುಬು ಕಟ್ಟಿತು, ಉಂಗುರ ಮತ್ತು ಕ್ವಾರ್ಟ್ಜ್ ನಡುವಿನ ಸಂದಿಯಲ್ಲಿ ಸಣ್ಣ ಕಿಡಿಗಳು ಹಾರತೊಡಗಿದವು. ಉಂಗುರವನ್ನು ಬಿಚ್ಚಿ ಒರೆಸಿ ಕೂಡಿಸಲು ಬರುವಂತಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅದನ್ನು ಅಂಟಿನಿಂದ ಭದ್ರಮಾಡಿರುವುದರಿಂದ ತಲೆಯನ್ನೇ ಕೊರಿಯರ್‌ನಲ್ಲಿ ಕಳುಹಿಸಬೇಕಾಯಿತು, ವಾರಗಟ್ಟಲೆ ಕೆಲಸ ನಿಂತಿತು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಟೈಮರ್ ಸೊನ್ನೆಗೆ ಹೋಗುತ್ತದೆ, ಎಷ್ಟು ಸೆಕೆಂಡು ಆಗಿತ್ತೆಂಬ ದಾಖಲೆ ಉಳಿಯುವುದಿಲ್ಲ. ನಮ್ಮ ಮಳೆಗಾಲದ ಅನುಭವ ಇರುವವರಿಗೆ ಇದರ ಬಗ್ಗೆ ಬೇರೆ ಹೇಳಬೇಕಿಲ್ಲ, ಯುಪಿಎಸ್ ಇಲ್ಲದೆ ಇದನ್ನು ಕೊಳ್ಳಬಾರದು. ಇಷ್ಟಾದರೂ ದುರಸ್ತಿ ಮಾಡಿದ ತಂತ್ರಜ್ಞರ ಕೆಲಸ ಅಚ್ಚುಕಟ್ಟು. ಅವರು ಉಂಗುರಕ್ಕೆ ಬೆಳ್ಳಿಯ ಲೇಪ ಕೊಟ್ಟು ಕಳುಹಿಸಿದರು, ಎರಡು ಬಿಡಿ ನಳಿಕೆಗಳನ್ನೂ ಹಣ ಕೇಳದೆ ಕೊಟ್ಟರು.

ಈ ಕರಾವಳಿಯಲ್ಲಿ ಇದೇ ಬಗೆಯ ಜೆಟ್ ಕೊಳ್ಳಬೇಕೆಂದಿರುವ ವಿಭಾಗಗಳು ಕೊಟೇಶನ್ ತರಿಸುವಾಗಲೇ ಪಿಟಿಎಫ್‌ಇ ಕೊಳವೆ, ಆರ್ಗಾನ್‌ಗೆಂದೇ ಹೊಂದಿಸಿದ ಮಾಸ್ ಫ್ಲೋ ಕಂಟ್ರೋಲರ್ (ಅನಿಲದ ಹರಿವನ್ನು ಅಳೆದು ನಿಯಂತ್ರಿಸುವ ಸಾಧನ), ವ್ಯಾಟ್ ತೋರಿಸುವ ಪರದೆ, ಬಿಚ್ಚಿ ಕೂಡಿಸಬಹುದಾದ ಉಂಗುರ ಈ ನಾಲ್ಕನ್ನು ಆದೇಶದ ಪತ್ರದಲ್ಲೇ ಬರೆಸಬೇಕು. ನಂತರ ಸೇರಿಸಿಕೊಳ್ಳುತ್ತೇವೆ ಎಂದರೆ ಮಾಸ್ ಫ್ಲೋ ಕಂಟ್ರೋಲರಿಗೆ ಬೇರೆ ಅನುದಾನ, ಬೇರೆ ಟೆಂಡರ್, ಬೇರೆ ಸಹಿಗಳು ಬೇಕಾಗುತ್ತವೆ. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ತಲೆಯ ದುರಸ್ತಿ ಸೇರಿದೆಯೇ ಎಂದು ಓದಿ ನೋಡಿ ಸಹಿ ಹಾಕಬೇಕು. ನಮ್ಮದರಲ್ಲಿ ವಿದ್ಯುತ್ ಪೆಟ್ಟಿಗೆ ಮಾತ್ರ ಸೇರಿತ್ತು.